ಏಕಾದಶಿಯ ದಿನ ಅಪ್ಪ ಕೊಟ್ಟ ರಕ್ತ

ನಾನು ಹುಟ್ಟಿದ ದಿನ ಅಮ್ಮನಿಗೆ ಎರಡು ಬಾಟಲಿ ರಕ್ತ ಬೇಕಾಯಿತಂತೆ. ಮುಂಬಯಿ ಪಕ್ಕದ ಠಾಣೆ ಊರಿನ ಆಸ್ಪತ್ರೆಯಲ್ಲಿ ಅಪ್ಪ ಅಂಗಿಯ ತೋಳು ಮಡಚಿ ಮೊದಲಿಗನಾಗಿ ನಿಂತರೆ, ತೂಕದ ಯಂತ್ರ ಹತ್ತಿಸಿ ವಾಪಸು ಕಳಿಸಿಬಿಟ್ಟರು. ನಲವತ್ತೈದು ಕಿಲೋ ಇರಬೇಕು, ಅಪ್ಪ ನಲವತ್ತೆರಡಿದ್ದ. ಊರಿಗೆಲ್ಲ ದೋಸೆ ಹುಯ್ಯುವವನ ಮೈಯಲ್ಲಿ ಮಾಂಸವೇ ಇರಲಿಲ್ಲ. ಕೊನೆಗೆ ರಕ್ತ ಕೊಟ್ಟವರು ಭಿವಂಡಿಯ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ ಕಲಬುರಗಿ ಕಡೆಯ ಇಬ್ಬರು. ಅಪ್ಪನ ಹೋಟೆಲಿಗೆ ಚಹಾಕ್ಕೆ ಬರುತ್ತಿದ್ದ ಪರಿಚಯ, ಅಷ್ಟೇ.

ತನ್ನ ಹೆಂಡತಿಗೆ ಯಾರ್ಯಾರೋ ಕೊಟ್ಟರು, ತಾನು ಯಾರಿಗೂ ಕೊಡಲಿಲ್ಲ ಎಂಬುದು ಅಪ್ಪನ ಎದೆಯಲ್ಲಿ ಕೂತುಬಿಟ್ಟಿತು. ಆಮೇಲೆ ತೂಕವೇನೋ ಬಂತು, ಹೊಟ್ಟೆಯೂ ಬಂತು. ಪುರಸೊತ್ತು ಮಾತ್ರ ಬರಲಿಲ್ಲ. ರಕ್ತದಾನದ ಶಿಬಿರಗಳೆಲ್ಲ ಭಾನುವಾರ. ಹೋಟೆಲಿನವನಿಗೆ ಭಾನುವಾರ ತಲೆ ತುರಿಸಿಕೊಳ್ಳಲೂ ಸಮಯವಿಲ್ಲ. ಮುಂದಿನ ವರ್ಷ ನೋಡುವ ಎನ್ನುತ್ತಲೇ ಮೂವತ್ತು ವರ್ಷ ದಾಟಿತು.

ಈ ವರ್ಷ ಡೊಂಬಿವಲಿಯಲ್ಲಿ ನಮ್ಮ ಕನ್ನಡ ಸಂಘದ ಶಿಬಿರಕ್ಕೆ ಫಾರ್ಮ್ ತುಂಬಿಸುವ ಕೆಲಸ ನನ್ನದಾಗಿತ್ತು. ನಿಯಮಗಳನ್ನು ಓದುವಾಗ ಒಂದು ಸಾಲು ಕಣ್ಣಿಗೆ ಬಿತ್ತು: ಮೊದಲ ಸಲ ಕೊಡುವವರಿಗೆ ಅರವತ್ತು ದಾಟಿರಬಾರದು. ಶಿಬಿರದ ಮರುದಿನವೇ ಅಪ್ಪನಿಗೆ ಅರವತ್ತು ತುಂಬುತ್ತಿತ್ತು. ವಿಷಯ ಹೇಳಿದೆ. ದಾನಕ್ಕೂ ರಿಟೈರ್ಮೆಂಟ್ ಉಂಟಾ ಎಂದು ರೇಗಿದ. ಆಮೇಲೆ ಮೆತ್ತಗೆ, ಆ ದಿನ ಹೋಟೆಲನ್ನು ಚಿಕ್ಕಪ್ಪ ನೋಡಿಕೊಳ್ಳಲಿ ಎಂದ.

ಬಂದ. ತಲೆಗೆ ಸ್ನಾನ, ಒಗೆದ ಬಿಳಿ ಅಂಗಿ, ಹಣೆಯಲ್ಲಿ ನಾಮ. ತೂಕ, ಬಿಪಿ, ಹಿಮೋಗ್ಲೋಬಿನ್ ಎಲ್ಲದರಲ್ಲೂ ಪಾಸಾದ. ಕೊನೆಗೆ ಡಾಕ್ಟರಮ್ಮ ಬೆಳಿಗ್ಗೆ ಏನು ತಿಂದಿರಿ ಕಾಕಾ ಎಂದು ಮರಾಠಿಯಲ್ಲಿ ಕೇಳಿದಳು. ಅಪ್ಪ ಹೆಮ್ಮೆಯಿಂದ ನಕ್ಕು, ಇವತ್ತು ಏಕಾದಶಿ, ನೀರನ್ನೂ ಮುಟ್ಟಿಲ್ಲ, ದಾನ ಕೊಡುವವನು ಶುದ್ಧವಾಗಿ ಬರಬೇಕಲ್ಲ ಎಂದ. ಅವಳು ಪೆನ್ನು ಕೆಳಗಿಟ್ಟಳು. ಖಾಲಿ ಹೊಟ್ಟೆಯವರಿಂದ ರಕ್ತ ತೆಗೆಯುವಂತಿಲ್ಲ, ಸರಿಯಾಗಿ ತಿಂದು ಒಂದು ಗಂಟೆ ಕೂತು ಬನ್ನಿ, ಎರಡಕ್ಕೆ ಶಿಬಿರ ಮುಗಿಯುತ್ತದೆ ಎಂದಳು. ಆಗ ಹನ್ನೆರಡೂವರೆ.

ಬುದ್ಧಿ ಬಂದಾಗಿನಿಂದ ಅಪ್ಪ ಏಕಾದಶಿ ತಪ್ಪಿಸಿದವನಲ್ಲ. ಜ್ವರದಲ್ಲೂ ಅವನಿಗೆ ಹಾಲು, ಹಣ್ಣು ಎಂಬ ರಿಯಾಯಿತಿ ಇರಲಿಲ್ಲ. ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಬಂದವರನ್ನೆಲ್ಲ ತಿಂಡಿ ಆಯಿತಾ ಎಂದು ಕೇಳಿ ಗುರುತು ಹಾಕಿದವಳು ಅಪ್ಪನೊಬ್ಬನನ್ನು ಕೇಳಿರಲಿಲ್ಲ. ಏಕಾದಶಿ ಎಂಬುದೇ ನನಗೆ ನೆನಪಿರಲಿಲ್ಲ. ಬೆಳಿಗ್ಗೆ ಸ್ಟೇಷನ್ನಿನ ಹತ್ತಿರ ವಡಾಪಾವ್ ತಿಂದು ಬಂದಿದ್ದೆ.

ಅಪ್ಪ ಮೂಲೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ. ರಕ್ತ ಕೊಟ್ಟವರಿಗೆ ಕಾಫಿ ಹಂಚುತ್ತಿದ್ದ ಅಮ್ಮ ಇದನ್ನೆಲ್ಲ ನೋಡಿದಳು. ಅವಳದ್ದೂ ಉಪವಾಸವೇ. ಪ್ರತಿ ಶಿಬಿರದಲ್ಲೂ ಬೆರಳು ಚುಚ್ಚಿಸಿಕೊಂಡು, ಹಿಮೋಗ್ಲೋಬಿನ್ ಸಾಲದು ಎನ್ನಿಸಿಕೊಂಡು ಮರಳುವವಳು ಅವಳು. ಎರಡು ತಟ್ಟೆಗಳಲ್ಲಿ ಇಡ್ಲಿ ತಂದು ಒಂದನ್ನು ಅಪ್ಪನ ಮುಂದಿಟ್ಟಳು. ಅಪ್ಪ ಮುಟ್ಟಲಿಲ್ಲ. ಅಮ್ಮ ಪಕ್ಕದಲ್ಲಿ ಕೂತು, ತನ್ನ ತಟ್ಟೆಯ ಇಡ್ಲಿಯನ್ನೆತ್ತಿ ಕಚ್ಚಿ, ನಿಧಾನವಾಗಿ ನುಂಗಿದಳು.

"ನನ್ನ ರಕ್ತ ಅಂತೂ ಯಾರಿಗೂ ಬೇಡ," ಎಂದಳು. "ಪಾಪದಲ್ಲಾದ್ರೂ ಅರ್ಧ ನಂಗಿರ್ಲಿ."

ನಮ್ಮ ಕಡೆ ಗಂಡ ಉಂಡೆದ್ದ ಎಲೆಯಲ್ಲಿ ಹೆಂಡತಿ ಉಣ್ಣುವ ಪದ್ಧತಿ ಇತ್ತು. ಹೆಂಡತಿಯ ಎಂಜಲನ್ನು ಗಂಡ ಮುಟ್ಟಿದ್ದನ್ನು ನಾನಂತೂ ಕಂಡಿಲ್ಲ. ಅಪ್ಪ ತನ್ನ ತಟ್ಟೆಯನ್ನು ಬದಿಗೆ ಸರಿಸಿ, ಅಮ್ಮ ಕಚ್ಚಿ ಬಿಟ್ಟಿದ್ದ ಇಡ್ಲಿಯನ್ನೇ ತೆಗೆದು ಬಾಯಿಗಿಟ್ಟುಕೊಂಡ.

ಎರಡಕ್ಕೆ ಹತ್ತು ನಿಮಿಷವಿರುವಾಗ ಅವನನ್ನು ಮಂಚಕ್ಕೆ ಕರೆದರು.