ಕಾಲಿನಿಂದ ಬಂದ ಪದ

ಇಂಗ್ಲಿಷಿನಲ್ಲಿ ‘ಫೆಟರ್’ ಎಂಬ ಹಳೆಯ ಪದವಿದೆ. ತುರುವೇಕೆರೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದಾಗ ‘ಕಾಲಿಗೆ ಹಾಕುವ ಬೇಡಿ’ ಎಂದು ಬರೆಸಿ ಮುಂದಿನ ಪದಕ್ಕೆ ಹೋಗುತ್ತಿದ್ದೆ. ಗಂಟೆ ಬಾರಿಸುವುದರೊಳಗೆ ಪಾಠ ಮುಗಿಯಬೇಕು, ಅಷ್ಟೇ. ಕಳೆದ ತಿಂಗಳು ಅದೇ ಪದಕ್ಕಾಗಿ ದಪ್ಪ ನಿಘಂಟು ತೆಗೆದು ಕೂತೆ.

ನನ್ನ ಹೆಂಡತಿಗೆ ಮರೆವಿನ ಕಾಯಿಲೆ. ನನ್ನ ಹೆಸರು, ಮಗಳ ಮುಖ ಎಲ್ಲ ಹೋಗಿವೆ. ಅಟ್ಟ ಮಾತ್ರ ಹೋಗಿಲ್ಲ. ನಮ್ಮ ಕಡೆ ಕೊಬ್ಬರಿಗೆಂದು ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟದಲ್ಲಿ ವರ್ಷದ ಹತ್ತಿರ ಒಣಗಲು ಬಿಡುತ್ತೇವೆ. ಅಲ್ಲಾಡಿಸಿದಾಗ ಒಳಗೆ ಗಡಗಡ ಅಂದರೆ ಕೊಬ್ಬರಿಯಾಯಿತು ಎಂದರ್ಥ. ಆ ಸದ್ದು ಕೇಳಿ ನೋಡುವ ಕೆಲಸ ಮದುವೆಯಾದಾಗಿನಿಂದ ಅವಳದು. ಈಗ ಅಟ್ಟ ಖಾಲಿ, ಆದರೂ ಹತ್ತುತ್ತಾಳೆ. ಏಣಿ ತೆಗೆದಿಟ್ಟೆ. ಕುರ್ಚಿಯ ಮೇಲೆ ಸ್ಟೂಲಿಟ್ಟು ಹತ್ತಿ ಬಿದ್ದಳು, ಮುಂಗೈ ಮುರಿಯಿತು. ಇನ್ನೊಮ್ಮೆ ಬಿದ್ದು ಸೊಂಟ ಮುರಿದರೆ ಮತ್ತೆ ಏಳುವುದಿಲ್ಲ ಎಂದರು ಡಾಕ್ಟರು.

ಕಿಬ್ಬನಹಳ್ಳಿಯಿಂದ ಬಂದ ಮಗಳು, "ನೀನು ಸ್ನಾನಕ್ಕೆ ಹೋದಾಗ್ಲಾದ್ರೂ ಅವ್ವನ್ನ ಕಟ್ಟಾಕಪ್ಪ" ಅಂದಳು.

"ಅವ್ಳೇನು ಹಸುನೇನೇ?"

"ಹಸು ಬಿದ್ರೆ ಎತ್ತೋಕೆ ಊರೇ ಬತ್ತದೆ. ಅವ್ವ ಬಿದ್ರೆ ನೀನೊಬ್ನೇ ಕಣಪ್ಪ."

‘ಫೆಟರ್’ ಹುಟ್ಟಿದ್ದು ‘ಕಾಲು’ ಎಂಬರ್ಥದ ಬೇರಿನಿಂದಲೇ ಎಂದಿತು ನಿಘಂಟು. ಕೈದಿಯ ಕಾಲಿನ ಸರಪಳಿಗೆ ಆ ಹೆಸರು. ಮೇಯುವ ಕುದುರೆ ದೂರ ಹೋಗದಂತೆ ಕಾಲಿಗೆ ಕಟ್ಟುವ ಹಗ್ಗಕ್ಕೂ ಅದೇ. ಆಮೇಲೆ, ಮನಸ್ಸನ್ನು ಹಿಡಿದಿಡುವ ಯಾವುದಕ್ಕೂ. ನಾನು ಕುದುರೆಯ ಹಗ್ಗವೆಂಬ ಅರ್ಥಕ್ಕೆ ಜೋತುಬಿದ್ದೆ. ಅದು ಮೇಯಲಾದರೂ ಬಿಡುತ್ತದಲ್ಲ. ಅವಳದೇ ಹಳೆಯ ಹತ್ತಿಸೀರೆ ಹರಿದು, ಮಂಚದಿಂದ ಕಿಟಕಿಯವರೆಗೆ ಹೋಗುವಷ್ಟು, ನಡುಮನೆಯ ಅಟ್ಟದ ಕೆಳಗೆ ತಲುಪದಷ್ಟು ಉದ್ದ ಅಳೆದೆ. ಚರ್ಮ ಉಜ್ಜಬಾರದೆಂದು ಅಂಚು ಮಡಿಸಿ ಹೊಲಿದೆ.

ಬೆಳಿಗ್ಗೆ ಮಂಚದ ಬಳಿ ಮಂಡಿಯೂರಿ ಅವಳ ಪಾದ ಹಿಡಿದೆ. ಕಾಲು ಎಳೆದುಕೊಳ್ಳುತ್ತಾಳೆ, ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡು, ತಾನೇ ಕಾಲು ಮುಂದೆ ಚಾಚಿ, ತಲೆ ತಗ್ಗಿಸಿದಳು.

"ಕಾಲುಂಗ್ರ ಬಿಗಿಯಾಗ್ಬಾರ್ದು ಕಣ್ರೀ, ನೋಡ್ಕಂಡು ಹಾಕಿ" ಎಂದು ನಾಚಿ ನಕ್ಕಳು. "ಬ್ಯಾಗ ಬ್ಯಾಗ. ಮದುವೆಗೆ ಬಂದೋರೆಲ್ಲ ನೋಡ್ತಾವ್ರೆ."

ಎಷ್ಟೋ ತಿಂಗಳ ಮೇಲೆ ಅವಳಿಗೆ ನಾನು ಯಾರೆಂದು ಗೊತ್ತಾಗಿತ್ತು.

"ಸಡಿಲವಾಗೇ ಹಾಕ್ತೀನಿ" ಅಂದೆ. ಗಂಟು ಬಿಗಿದೆ.