ಬರಿ ಮೂಗಿನ ಸೊಸೆ

ನನ್ನ ಮೂಗು ಹೆಸರಿಗಷ್ಟೇ ಮೂಗು, ಉಸಿರಾಟವೆಲ್ಲ ಬಾಯಿಂದಲೇ. ದೇವದುರ್ಗದ ತವರಿನಲ್ಲಿ ಅವ್ವ ಓಮಿನ ಹಬೆ ಹಿಡಿಸಿದಳು. ಮಾನ್ವಿಗೆ ಸೊಸೆಯಾಗಿ ಬಂದ ಮೇಲೆ ಅತ್ತೆ ನೀಲಗಿರಿ ಎಣ್ಣೆ ತಿಕ್ಕಿದರು. ಮೂಗು ಯಾರ ಮಾತನ್ನೂ ಕೇಳಲಿಲ್ಲ. ನಾನು ಸಣ್ಣ ಮಕ್ಕಳ ಟೀಚರು. ಪದ್ಯದ ಒಂದು ಸಾಲು ಮುಗಿಸಲು ನಡುವೆ ನಿಂತು ಉಸಿರೆಳೆಯಬೇಕು. ರಾತ್ರಿಯಿಡೀ ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿ ಎದ್ದು ಕೂರುವುದು ಬೇರೆ. ಸಾಕಾಗಿ ಹೋಗಿತ್ತು.

ರಾಯಚೂರಿನ ಡಾಕ್ಟರಮ್ಮ ಒಳಗೆ ಕ್ಯಾಮೆರಾ ಇಳಿಸಿ ನೋಡಿ, ಸ್ಪ್ರೇಯಿಂದ ಇನ್ನು ಆಗುವುದಿಲ್ಲ ಎಂದರು. ಹೊಳ್ಳೆಗಳ ನಡುವಿನ ಗೋಡೆ ಎಡಕ್ಕೆ ಬಾಗಿತ್ತು, ಬಲಗಡೆ ಮಾಂಸ ಉಬ್ಬಿತ್ತು. ಮಾಂಸವನ್ನಷ್ಟೇ ಕುಗ್ಗಿಸಿದರೆ ಸಣ್ಣ ಕೆಲಸ, ಆದರೆ ಗೋಡೆ ಸೊಟ್ಟಗೇ ಉಳಿಯುತ್ತದೆ. ಎರಡನ್ನೂ ಒಳಗಿಂದಲೇ ಸರಿ ಮಾಡಬಹುದು, ಮುಖದ ಮೇಲೆ ಗಾಯವಿಲ್ಲ. ನಾನು ಎರಡೂ ಮಾಡಿ ಎಂದೆ. ಹೊರಡುವಾಗ ಅವರು, ಆಪರೇಷನ್ ಹೊತ್ತಿಗೆ ಮೂಗುತಿ ತೆಗೆದಿರಬೇಕು ಎಂದರು.

ಅಲ್ಲಿಗೆ ಶುರುವಾಯಿತು. ಗಂಡ ಬದುಕಿರುವ ತನಕ ಮೂಗು ಬರಿದಾಗಬಾರದು ಎನ್ನುವುದು ಅತ್ತೆಯ ಮನೆತನದ ಕಟ್ಟಳೆ. ಮದುವೆಯಲ್ಲಿ ಅಕ್ಕಸಾಲಿ ಪತ್ತಾರ ಬಿಗಿದ ತಿರುಪಿಗೆ ಯಾರೂ ಕೈ ಹಚ್ಚಿರಲಿಲ್ಲ. ಅತ್ತೆ ಯೋಚಿಸಿ ಯೋಚಿಸಿ ಒಂದು ದಾರಿ ಹುಡುಕಿದರು: ಮೂಗುತಿ ಇರುವುದು ಎಡಕ್ಕೆ, ಬಲಗಡೆಯಷ್ಟೇ ಕೊಯ್ಯಿಸಿಕೊಂಡು ಬಾ. ನನ್ನ ಗಂಡನೂ ಹೂಂಗುಟ್ಟಿದರು. ಅಣ್ಣತಮ್ಮಂದಿರ ಮನೆಯ ನಡುಗೋಡೆ ಸೊಟ್ಟಗಿದ್ದರೆ ಒಬ್ಬನ ಕಡೆಯಷ್ಟೇ ಸುಣ್ಣ ಬಳಿದ ಹಾಗೆ. ನನಗೆ ಸಿಟ್ಟು ನೆತ್ತಿಗೇರಿತು. ಮೂಗು ನನ್ನದು, ಯಜಮಾನಿಕೆ ಊರಿನದು.

ಆಪರೇಷನ್ ದಿನ ಬೆಳಿಗ್ಗೆ ಅತ್ತೆ ವಾರ್ಡಿನಲ್ಲಿ ಮಂಚದ ಪಕ್ಕವೇ ಕಾವಲು ಕೂತಿದ್ದರು. ನಾನು ತಿರುಪಿಗೆ ಸೋಪು ಹಚ್ಚಿ ತಿರುಗಿಸತೊಡಗಿದೆ. ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಮೂಗುತಿ ಕೈಗೆ ಬಂದಾಗ ಅತ್ತೆ ಮುಖ ಆಚೆ ತಿರುಗಿಸಿದರು. ಅವರ ಅಂಗೈ ಹಿಡಿದು ಅದರಲ್ಲಿ ಇಟ್ಟೆ.

"ಅತ್ತಿ, ನಿಮ್ಮ ಮಗ ಹೊರಗ ಚಾ ಕುಡಿಯಾಕತ್ತಾರ, ಗುಂಡುಕಲ್ಲಿನಂಗ ಅದಾರ. ಉಸಿರು ಕಟ್ಟಿದ್ದು ನನಗರೀ."

ಅವರು ಮೂಗುತಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಎರಡೂ ಕಡೆ ಸರಿ ಮಾಡಿಸಿಕೊಂಡು ಮನೆಗೆ ಬಂದು, ಊತ ಇಳಿದ ಮೇಲೆ, ಒಂದು ಮಧ್ಯಾಹ್ನ ಮಲಗಿದ್ದೆ. ಮೂಗಿನ ಕೆಳಗೆ ಯಾರದೋ ಬೆರಳು ತಾಗಿತು. ಕಣ್ಣು ಬಿಟ್ಟರೆ ಅತ್ತೆ, ಮುಖ ಬಿಳಿಚಿಕೊಂಡಿತ್ತು.

"ಗೊರಕಿ ಸದ್ದೇ ಇಲ್ಲ. ಉಸಿರು ಅದನೋ ಇಲ್ಲೋ ಅಂತ ನೋಡಿದೆ, ಯವ್ವಾ."

ನಾನು ಆ ಬೆರಳನ್ನು ಹಿಡಿದುಕೊಂಡೆ. ಅಷ್ಟರಲ್ಲಿ ಅವರು ಇನ್ನೊಂದು ಕೈಯ ಮುಷ್ಟಿ ಬಿಚ್ಚಿ ಮೂಗುತಿ ತೋರಿಸಿದರು. ಈಗಾದರೂ ಹಾಕಿಕೋ ಎಂದರು. ಬೇಡ ಎಂದೆ. ಹಾಗಾದರೆ ಯಾವತ್ತು ಎಂದು ಕೇಳಿದರು.

"ನನಗ ಬೇಕನಿಸಿದ ದಿನ," ಎಂದೆ. ಬಾಯಿ ಮುಚ್ಚಿಕೊಂಡು, ಮೂಗಿನಿಂದಲೇ ಉಸಿರೆಳೆಯುತ್ತ, ಮಗ್ಗಲು ಬದಲಿಸಿ ಮತ್ತೆ ನಿದ್ದೆ ಹೋದೆ.