ಎರಡು ಫಲಕಗಳ ನಡುವೆ

ದೆವ್ವ, ಮೈಮೇಲೆ ಬರುವುದು, ಕನಸಿನಲ್ಲಿ ಸೂಚನೆ ಸಿಗುವುದು, ಇವನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಹೇಳಹೊರಟರೆ ನಕ್ಕು ಬಾಯಿ ಮುಚ್ಚಿಸುತ್ತಿದ್ದೆ. ಈಗ ನನ್ನ ಸರದಿ. ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಕ್ಯಾನ್ಸರ್ ರೋಗಿಗೆ ಸ್ಕ್ಯಾನ್ ಮಾಡುವ ಮೊದಲು ವಿಕಿರಣ ಸೂಸುವ ಔಷಧಿಯ ಸೂಜಿ ಹಾಕುತ್ತಾರೆ. ಅದು ರೋಗವಿರುವ ಕಡೆ ಹೆಚ್ಚು ಸೇರುತ್ತದೆ. ಅಲ್ಲಿಂದ ಕಿರಣಗಳು ಜೋಡಿಯಾಗಿ, ಎದುರುಬದುರು ದಿಕ್ಕಿಗೆ ಹೊರಡುತ್ತವೆ. ಎರಡೂ ಬದಿಯ ಫಲಕಗಳು ಒಂದೇ ಕ್ಷಣಕ್ಕೆ ಮಿನುಗಿದರೆ ನಡುವೆ ರೋಗ ಎಲ್ಲಿದೆಯೆಂದು ತಿಳಿಯುತ್ತದೆ. ಆ ಮಿನುಗು ಇನ್ನೂ ಚುರುಕಾಗಲೆಂದು ಅರೆವಾಹಕದ ನ್ಯಾನೋ ಹರಳುಗಳಿಂದ ಫಲಕ ಮಾಡುವುದು ನನ್ನ ಸಂಶೋಧನೆ.

ಫಲಕಗಳಿಗೆ ಹೊರಗಿನ ಬೆಳಕು ತಾಗಬಾರದು. ಅದಕ್ಕೆ ಹಿರೇಗುಂಟನೂರಿನ ನಮ್ಮಕ್ಕ ತನ್ನ ಕರಿ ಕಂಬಳಿಯನ್ನೇ ಕೊಟ್ಟಿದ್ದಳು. ನಮ್ಮದು ಕುರಿ ಸಾಕುವ ಮನೆತನ. ಮಂದೆಯ ಜೊತೆ ದೂರ ಹೋದವರ ಹಳೇ ಕಂಬಳಿಯನ್ನು ಊಟದ ಹೊತ್ತಿಗೆ ಅವರ ಜಾಗದಲ್ಲಿ ಹಾಸುವುದು ಮನೆಯ ರೂಢಿ. ಅಲ್ಲಿ ಬೇರೆಯವರು ಕೂರುವಂತಿಲ್ಲ. ಮದುವೆಯಾಗದ ನನಗೆ ನನ್ನವರೆಂದು ಇದ್ದವಳು ಅಕ್ಕ ಒಬ್ಬಳೇ.

ಅವಳಿಗೇ ಕ್ಯಾನ್ಸರ್ ಬಂತು. ಹರಡಿದೆಯೋ ಇಲ್ಲವೋ ನೋಡಲು ಅವಳ ಮಗ ಬೆಂಗಳೂರಿಗೆ ಸ್ಕ್ಯಾನಿಗೆ ಕರೆದೊಯ್ದ. ನಾನೂ ಹೊರಟಿದ್ದೆ. ಅವಳೇ ಬೇಡವೆಂದಳು: "ಒಳಗೆ ಹೆಂಗೂ ಯಾರ್ನೂ ಬಿಡಲ್ಲಂತೆ. ನೀನು ಬಂದು ಏನ್ ಮಾಡ್ತೀಯ? ನಿನ್ ಕೆಲ್ಸ ನೋಡ್ಕಳಪ್ಪ."

ಸ್ಕ್ಯಾನಿನ ದಿನ ಭಾನುವಾರ. ಮನೆಯಲ್ಲಿ ಕೂರಲಾಗದೆ ಲ್ಯಾಬಿಗೆ ಹೋಗಿ, ಎರಡು ಫಲಕಗಳನ್ನು ಎದುರುಬದುರು ಇಟ್ಟು ಕಂಬಳಿ ಹೊದಿಸಿದೆ. ನಡುವೆ ಏನೂ ಇರಲಿಲ್ಲ. ಪರೀಕ್ಷೆಗೆ ಬಳಸುವ ವಿಕಿರಣದ ತುಣುಕು ಸೀಸದ ಪೆಟ್ಟಿಗೆಯಲ್ಲಿ ಬೀಗದೊಳಗಿತ್ತು. ಊಟ ಸೇರದೆ ನಿಂತೇ ಮಂಡಕ್ಕಿ ತಿನ್ನುತ್ತಿದ್ದಾಗ ಪರದೆಯ ಮೇಲೆ ಮಿನುಗುಗಳ ಎಣಿಕೆ ಏರತೊಡಗಿತು. ಫಲಕಗಳು ಜೊತೆಜೊತೆಗೇ ಮಿನುಗುತ್ತಿದ್ದವು, ನಡುವೆ ಯಾರೋ ಇದ್ದಂತೆ.

ತಂತಿ ನೋಡಿದೆ, ಬೀಗ ನೋಡಿದೆ, ಎಲ್ಲವನ್ನೂ ಆರಿಸಿ ಮತ್ತೆ ಹಚ್ಚಿದೆ. ಎಣಿಕೆ ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ನಿಧಾನಕ್ಕೆ ಇಳಿಯಿತು. ನಮ್ಮ ತುಣುಕು ವರ್ಷಗಟ್ಟಲೆ ಕಿರಣ ಸೂಸುವಂಥದ್ದು, ಒಂದು ಮಧ್ಯಾಹ್ನದಲ್ಲಿ ಇಳಿಯುವುದಿಲ್ಲ. ಇದು ಇಳಿದದ್ದು ರೋಗಿಗೆ ಕೊಡುವ ಔಷಧಿ ಇಳಿಯುವ ವೇಗದಲ್ಲಿ. ನನಗೆ ಭಯವಾಯಿತು.

ಅಕ್ಕ ಊರಿಗೆ ಬಂದಾಗ ನಾನು ಇದನ್ನು ಹೇಳುವ ಮೊದಲೇ ಅವಳೇ ಶುರು ಮಾಡಿದಳು: "ಸೂಜಿ ಹಾಕಿ ಒಂದು ರೂಮ್ನಾಗೆ ಒಬ್ಳನ್ನೇ ಕುಂಡ್ರಿಸಿದ್ರು ಕಣಪ್ಪ. ಭಾಳ ಹೆದ್ರಿಕೆ ಆತು. ಕಣ್ಣು ಮುಚ್ಕಂಡ್ರೆ ನನ್ ಕಂಬಳಿ ಕೆಳಗೆ ಕುಂತಂಗಾತು. ನೀನು ಎದುರಿಗೆ ನಿಂತ್ಕಂಡು ಮಂಡಕ್ಕಿ ತಿಂತಿದ್ದೆ. ಆವತ್ತು ಉಣ್ಲಿಲ್ಲೇನು?"

ರೋಗ ಹರಡಿತ್ತು. ಅಕ್ಕ ಹೆಚ್ಚು ದಿನ ಉಳಿಯಲಿಲ್ಲ.

ಆಮೇಲೆ ಫಲಕಗಳನ್ನು ಬಿಚ್ಚಿ, ಜೋಡಿಸಿ, ಹೊಸ ಹರಳು ಹಾಕಿ ಎಷ್ಟೋ ಸಲ ಪರೀಕ್ಷಿಸಿದ್ದೇನೆ. ದೋಷ ಸಿಕ್ಕಿಲ್ಲ, ಕಾರಣವೂ ಸಿಕ್ಕಿಲ್ಲ. ಈಗಲೂ ಭಾನುವಾರ ಲ್ಯಾಬಿಗೆ ಹೋಗುತ್ತೇನೆ. ತುಣುಕನ್ನು ಬೀಗದೊಳಗಿಟ್ಟು, ಖಾಲಿ ಜಾಗದ ಮೇಲೆ ಕಂಬಳಿ ಹೊದಿಸಿ, ಊಟದ ಡಬ್ಬಿ ಬಿಚ್ಚಿ ಉಣ್ಣುತ್ತೇನೆ. ಪರದೆ ಸುಮ್ಮನೇ ಇರುತ್ತದೆ.